ಗದ್ದದ ಕೆಳಗಿನ ಅಂಗೈ

ಮೊದಲ ದಿನವೇ ಟೀಚರ್ ಎಡವಟ್ಟು ಮಾಡಿದಳು.

ಫ್ರಿಜ್ ರಿಪೇರಿಯವನು ಹಡಗಿನ ಕೆಲಸಕ್ಕೆ ಅರ್ಜಿ ಹಾಕಿದ್ದ. ಚಿಕ್ಕಂದಿನಿಂದ ಕಂಡ ಕನಸು. ಇಂಗ್ಲಿಷ್ ಮ್ಯಾನ್ಯುಯಲ್ ಗಟ್ಟಿಯಾಗಿ ಓದಿ ತೋರಿಸುವ ಪರೀಕ್ಷೆಯೊಂದು ಬಾಕಿಯಿತ್ತು. ಎಂಥ ಮೆಷೀನಿಗೂ ಹೆದರದವನು ಉದ್ದದ ಪದ ಕಂಡರೆ ಬೆವರುತ್ತಿದ್ದ. ಹಾಗಾಗಿ ಟ್ಯೂಷನ್ ಮಕ್ಕಳು ಹೋದ ಮೇಲೆ ಅವಳ ಮನೆಯ ಊಟದ ಮೇಜಿಗೆ ಬಂದು ಕೂತ.

'ರೆಫ್ರಿಜರೇಷನ್' ಎದುರಾಯಿತು. ಮುಂದಿನ 'ರೆ', ಹಿಂದಿನ 'ಷನ್' ಬಿಡಿಸಿಟ್ಟು ನಡುವಿನದನ್ನು ಹಿಡಿಯಿರಿ, ಹೇಳುವಾಗ ಗದ್ದ ಎಷ್ಟು ಸಲ ಇಳಿಯುತ್ತದೋ ಅಷ್ಟು ತುಂಡು ಎಂದು ವಿವರಿಸುತ್ತಾ, ಮಕ್ಕಳಿಗೆ ಮಾಡುವ ಅಭ್ಯಾಸಬಲದಲ್ಲಿ ಅವನ ಗದ್ದದ ಕೆಳಗೆ ಅಂಗೈ ಇಟ್ಟಳು. ಕುರುಚಲು ಗಡ್ಡ ಚುಚ್ಚಿದಾಗಲೇ ಅವಳಿಗೆ ಎಚ್ಚರವಾದದ್ದು. ಅವನೋ, ಉಸಿರು ಬಿಗಿಹಿಡಿದು ಕೂತಿದ್ದ.

ಆಮೇಲೆ ಅವನು ಜಾಣನಾದ. ಉಳಿದ ಪದಗಳೆಲ್ಲ ನೀರು ಕುಡಿದಷ್ಟು ಸಲೀಸು. 'ಕಂಡೆನ್ಸೇಷನ್' ಒಂದು ಮಾತ್ರ ಬಾರದು. "ನನ್ನ ಕೈಗೆ ಲೆಕ್ಕ ಸಿಗಲ್ಲ ಟೀಚರ್, ನೀವೇ ಹಿಡೀರಿ" ಎನ್ನುವನು, ಕಣ್ಣಲ್ಲಿ ತುಂಟತನ. ನಾಟಕವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಚಾಚುತ್ತಿದ್ದಳು.

ಪಕ್ಕದ ಕೋಣೆಯಲ್ಲಿ ಅವಳ ಅಮ್ಮ. ಮರೆವಿನ ಕಾಯಿಲೆ, ಮಗಳ ಮುಖವೊಂದನ್ನು ಬಿಟ್ಟು ಎಲ್ಲ ಅಳಿಸಿಹೋಗಿತ್ತು. ಮಗಳು ಆ ಮನೆ ಬಿಟ್ಟು ಕದಲುವಂತಿರಲಿಲ್ಲ. ಅವನು ಹಡಗು ಹತ್ತಿದರೆ ವರ್ಷಗಟ್ಟಲೆ ನೀರಿನ ಮೇಲೆ. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಪರೀಕ್ಷೆಯ ಹಿಂದಿನ ಸಂಜೆ ಇಡೀ ಪುಟ ತಡೆಯಿಲ್ಲದೆ ಓದಿದ. 'ಕಂಡೆನ್ಸೇಷನ್'ಗೆ ಬಂದು ಮಾತ್ರ ನಿಂತ. ಅವಳು ಅಂಗೈ ಚಾಚಿದಳು. ಗದ್ದ ಅದರ ಮೇಲೆ ಕೂತಿತು, ಪದ ಹೊರಡಲಿಲ್ಲ.

"ಹೋಗ್ಬೇಡ ಅಂತ ಒಂದು ಮಾತು ಹೇಳಿ. ನಾಳೆ ಪರೀಕ್ಷೆಗೆ ಹೋಗಲ್ಲ."

ದಿನಾ ಬೆಳಗ್ಗೆ ಎದ್ದರೆ ಈ ಕುರುಚಲು ಗಡ್ಡವೇ ಕಾಣಲಿ ಎಂದು ಎಷ್ಟು ಆಸೆಪಟ್ಟಿದ್ದಳು.

"ಹೇಳಿದ್ರೆ ನೀವು ಉಳ್ಕೊಂಡ್ಬಿಡ್ತೀರಿ. ಆಮೇಲೆ ದಿನಾ ನಿಮ್ಮ ಮುಖದಲ್ಲಿ ಆ ಹಡಗನ್ನ ನೋಡೋಕೆ ನಂಗಾಗಲ್ಲ. ನೀವಂದ್ರೆ ನಂಗೆ ಪ್ರಾಣ. ಓದಿ."

ಅವನು ಓದಿದ. ಕಂ. ಡೆನ್. ಸೇ. ಷನ್. ನಾಲ್ಕು ಸಲ ಅವಳ ಅಂಗೈ ಮೇಲೆ ಇಳಿದ ಗದ್ದ ಒದ್ದೆಯಾಗಿತ್ತು.

ಪಾಸಾದ. ಹೋದ. ಟ್ಯೂಷನ್ ಈಗಲೂ ನಡೆಯುತ್ತದೆ. ಉದ್ದದ ಪದ ಬಂದರೆ ಮಕ್ಕಳು ರೂಢಿಯಂತೆ ಗದ್ದ ಮುಂದೆ ಮಾಡುತ್ತಾರೆ. ನಿಮ್ಮ ಕೈ ನೀವೇ ಇಟ್ಟುಕೊಳ್ಳಿ ಎನ್ನುತ್ತಾಳೆ ಟೀಚರ್, ತನ್ನ ಅಂಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು.