ಬಿಸಿಲಿಗೆ ಹಾಸಿದ ಕೆಂಪು

"ಲೇ! ಕಾಲು ತೆಗಿ! ಅದರ ಮೇಲೆ ಯಾಕೆ ನಿಂತಿದೀಯ?"

ಎಲ್ವಾನ್ ಕೂಗಿದ ರಭಸಕ್ಕೆ ಹೊಲದ ಆಚೆ ತುದಿಯ ಕೆಲಸದವರೂ ತಿರುಗಿ ನೋಡಿದರು.

ರತ್ನಗಂಬಳಿಯ ಮೇಲೆ ಕಣ್ಣು ಮುಚ್ಚಿ ನಿಂತಿದ್ದ ಯುವಕ ಮಾತ್ರ ಕಣ್ಣು ತೆರೆಯಲಿಲ್ಲ.

"ಬರಿಗಾಲಲ್ಲಿದೀನಿ ತಾಯಿ. ಬಯ್ಯೋ ಮುಂಚೆ ನೋಡ್ಬಾರ್ದಾ?"

"ಬರಿಗಾಲಾದ್ರೇನು? ಅದನ್ನ ನೇಯ್ದೋಳು ನಾನು!"

"ಹೌದಾ? ಅದಕ್ಕೇ ಗಂಟು ಇಷ್ಟು ಬಿಗಿ. ಸಿಟ್ಟಿನ ಕೈ."

ಕೆಲಸದವರು ನಕ್ಕರು. ಅವನು ಕಣ್ಣು ಮುಚ್ಚಿಕೊಂಡೇ ಪಕ್ಕದ ಕಂಬಳಿಗೆ ಕಾಲಿಟ್ಟ.

"ಇದು ಯಾಗ್ಜಿಬೆದಿರ್ ಕಡೇದು. ತೆಳು, ಈಗಷ್ಟೇ ಕ್ಷೌರ ಮಾಡಿಸ್ಕೊಂಡ ತಲೆ ಹಾಗಿದೆ. ಇದು ಮಿಲಾಸ್ ಕಡೇದು, ಬೆಣ್ಣೆ ಹಾಗೆ. ಇದು... ಆಹಾ, ನಮ್ಮೂರು ತಾಶ್‌ಪಿನಾರ್! ಚಳಿಗಾಲದ ಕುರಿ ಮೇಲೆ ನಿಂತ ಹಾಗೆ."

"ಬಣ್ಣಾನೂ ಕಾಲಿಗೇ ಗೊತ್ತಾಗುತ್ತಾ?"

"ಬಣ್ಣಕ್ಕೆ ಕಣ್ಣು ಬೇಕು," ಎಂದು ಅವನು ಕಣ್ಣು ತೆರೆದ. ಕಂಬಳಿಯನ್ನು ನೋಡಲಿಲ್ಲ, ಅವಳನ್ನು ನೋಡಿದ.

ಎಲ್ವಾನ್‌ಗೆ ಆಗ ನಾಚಿಕೆಯಾಗಲಿಲ್ಲ. ಅದು ಮನೆಗೆ ಹೋದ ಮೇಲೆ ಬಂತು.

ಅವನ ಹೆಸರು ವೇಸೆಲ್. ಗೋಧಿ ಕೊಯ್ದಾದ ಮೇಲೆ ಅವಳ ಊರಾದ ದೊಶೆಮೆಅಲ್ತಿಯ ಹೊಲಗಳಲ್ಲಿ ದೇಶದ ಮೂಲೆಮೂಲೆಯ ಕಂಬಳಿಗಳನ್ನು ಹಾಸುತ್ತಾರೆ. ಹೊಸ ಬಣ್ಣದ ಉರಿಯನ್ನು ಬಿಸಿಲು ತಗ್ಗಿಸಬೇಕು. ತೊಳೆಯಲು, ಹಾಸಲು, ಮಗುಚಲು, ಮೋಡ ಕಂಡರೆ ಓಡಿ ಸುತ್ತಲು ಆಳುಗಳು ಬರುತ್ತಾರೆ. ಅವರಲ್ಲಿ ಅವನೊಬ್ಬ.

ಮೂರನೇ ಬೇಸಿಗೆಗೆ ಅವನ ಚಿಕ್ಕಪ್ಪ ಸಿಹಿ ಹಿಡಿದು ಹೆಣ್ಣು ಕೇಳಲು ಬಂದ.

ಎಲ್ವಾನ್‌ಳ ತಾಯಿ ಜೆನ್ನೆತ್ ವೇಸೆಲ್‌ನನ್ನು ಮೇಲಿಂದ ಕೆಳಗೆ ಅಳೆದಳು. "ದಪ್ಪ ಕಂಬಳಿ ಊರಿನವನು. ಬುದ್ಧೀನೂ ದಪ್ಪಾನೋ ಏನೋ!"

"ಬುದ್ಧಿ ಇದ್ದಿದ್ರೆ ನಿಮ್ಮ ಮಗಳನ್ನ ಕೇಳ್ತಿದ್ನಾ ಅಮ್ಮಾ?"

ಜೆನ್ನೆತ್ ನಕ್ಕುಬಿಟ್ಟಳು. ಉಂಗುರ ಬದಲಾಯಿತು.

ಆ ಚಳಿಗಾಲವೆಲ್ಲ ಎಲ್ವಾನ್ ಮಗ್ಗದ ಮುಂದೆ ಕೂತು ಮದುವೆಯ ಕಂಬಳಿ ನೇಯ್ದಳು. ನೂಲಿಗೆ ಬಣ್ಣ ಹಾಕಿದ್ದು ತಾಯಿ. ಗುಡ್ಡದಿಂದ ಮಂಜಿಷ್ಠದ ಬೇರು ಅಗೆದು ತಂದು, ಕುಟ್ಟಿ, ಹಂಡೆಯಲ್ಲಿ ಕುದಿಸಿ ಅವಳು ತೆಗೆಯುತ್ತಿದ್ದ ಕೆಂಪಿಗೆ ಸುತ್ತಲ ಊರುಗಳಲ್ಲಿ ಹೆಸರಿತ್ತು. ಮನುಷ್ಯ ಸತ್ತರೂ ಜೆನ್ನೆತ್‌ಳ ಕೆಂಪು ಸಾಯುವುದಿಲ್ಲ ಎನ್ನುತ್ತಿದ್ದರು. ಊರಿನ ಅರ್ಧ ಮಗ್ಗಗಳಿಗೆ ನೂಲು ಹೋಗುತ್ತಿದ್ದದ್ದು ಅವಳ ಹಂಡೆಯಿಂದಲೇ.

"ಕಂಬಳೀನ ನಲವತ್ತು ದಿನ ನಾನು ಕೆಲಸ ಮಾಡೋ ಹೊಲಕ್ಕೆ ಕೊಡು," ಎಂದ ವೇಸೆಲ್. "ಬೇರೆಯವರ ಕೆಂಪೆಲ್ಲ ಬಾಡಬೇಕು, ನಿಮ್ಮಮ್ಮಂದು ಹಾಗೇ ನಿಂತಿರ್ಬೇಕು. ಊರಿಗೆ ಊರೇ ನೋಡ್ಲಿ!"

ಹೆಮ್ಮೆಯಿಂದ ಕೊಟ್ಟಳು. ಎರಡು ವಾರ ಕಳೆದ ಮೇಲೆ ಅವನು ಬೇಲಿಯ ಹತ್ತಿರ ಬಂದು, "ಎಲ್ವಾನ್, ಒಂದು ಮಾತಿದೆ..." ಎಂದಿದ್ದ.

"ಮದುವೆ ಆದ್ಮೇಲೆ ಹೇಳು! ಆಗ ಆಡೋಕೆ ಮಾತೇ ಉಳಿದಿರಲ್ಲ, ಇದನ್ನೇ ಆಡೋಣ," ಎಂದು ನಗುತ್ತಾ ಓಡಿದ್ದಳು.

ಆ ಒಂದು ನಿಮಿಷ ನಿಂತು ಕೇಳಿದ್ದರೆ!

ನಲವತ್ತನೆಯ ದಿನ ಊರಿನ ಹೆಂಗಸರೆಲ್ಲ ಬಂದರು. ಹೊಲದ ಯಜಮಾನ ಶಾಬಾನ್ ಬಂದ. ಮಂಡಿನೋವಿನ ಜೆನ್ನೆತ್ ಕೋಲೂರಿಕೊಂಡು ಬಂದಳು. ಬೆನ್ನು ಮೇಲಾಗಿ ಮಲಗಿದ್ದ ಕಂಬಳಿಯನ್ನು ವೇಸೆಲ್ ತಿರುಗಿಸಲು ಹಿಂದೆಮುಂದೆ ನೋಡಿದ. ಶಾಬಾನ್ ತಾನೇ ತಿರುಗಿಸಿದ.

ಹೆಂಗಸರು ಕತ್ತು ಚಾಚಿದರು.

ಕೆಂಪು ಎಲ್ಲಿ? ನೂರು ಸಲ ಒಗೆದ ಬಟ್ಟೆಯ ಹಾಗೆ ಪೇಲವ ಗುಲಾಬಿ!

ಎಲ್ವಾನ್ ಮಂಡಿಯೂರಿದಳು. ನೇಯುವ ಹೆಂಗಸು ಮೊದಲು ಮಾಡುವ ಕೆಲಸವನ್ನೇ ಮಾಡಿದಳು: ಉಣ್ಣೆಯ ಎಳೆಗಳನ್ನು ಬೆರಳಿನಿಂದ ಬಿಡಿಸಿ ಬುಡ ನೋಡಿದಳು.

ಬುಡದಲ್ಲಿ ಕೆಂಪು ಧಗಧಗ ಎನ್ನುತ್ತಿತ್ತು. ತುದಿ ಮಾತ್ರ ಸತ್ತಿತ್ತು.

ತೊಳೆಯುವಾಗ ಕೆಟ್ಟಿದ್ದರೆ ಬುಡವೂ ಹೋಗಬೇಕಿತ್ತು. ನಲವತ್ತು ದಿನದ ಬಿಸಿಲಿಗೆ ತುದಿ ಹೀಗೆ ಸಾಯುವುದು ಪೇಟೆಯ ಅಗ್ಗದ ಪುಡಿಬಣ್ಣದಲ್ಲಿ ಮಾತ್ರ. ಮಂಜಿಷ್ಠ ಸಾಯುವುದಿಲ್ಲ.

'ಅಮ್ಮಾ... ನೀನಾ?'

ತಲೆಯೆತ್ತಿದಳು. ಜೆನ್ನೆತ್ ಕಂಬಳಿಯನ್ನು ನೋಡುತ್ತಿರಲಿಲ್ಲ. ಮಗಳ ಬೆರಳನ್ನು ನೋಡುತ್ತಿದ್ದಳು. ಎರಡೂ ಕೈಯಿಂದ ಕೋಲನ್ನು ಅವುಚಿ ಹಿಡಿದಿದ್ದಳು.

"ಸರಿ, ನಾನೂ ನೋಡ್ತೀನಿ," ಎಂದು ಶಾಬಾನ್ ಬಗ್ಗಿದ.

ಎಲ್ವಾನ್ ಆ ಜಾಗದ ಮೇಲೆ ಅಂಗೈ ಮುಚ್ಚಿದಳು.

"ಏನು ಹಾಕಿ ತೊಳೆದೆ ವೇಸೆಲ್?" ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. "ನನ್ನ ಮದುವೆ ಕಂಬಳೀನ ಏನು ಮಾಡಿದೆ ನೀನು?"

ವೇಸೆಲ್ ಅವಳನ್ನು ನೋಡಿದ, ಅವಳ ಅಂಗೈಯನ್ನು ನೋಡಿದ. ಒಣಗಿದ ತುಟಿ ಸವರಿಕೊಂಡ.

"ಬ್ಲೀಚಿಂಗ್ ಪುಡಿ... ಸ್ವಲ್ಪ ಜಾಸ್ತಿ ಆಯ್ತು."

ಅವತ್ತೇ ಶಾಬಾನ್ ಅವನನ್ನು ಕೆಲಸದಿಂದ ತೆಗೆದ. ಎಲ್ವಾನ್ ಕಂಬಳಿ ಸುತ್ತಿ ಮನೆಗೆ ತಂದು ಅಟ್ಟಕ್ಕೆ ಹಾಕಿದಳು. ಮೂರನೇ ದಿನ ಉಂಗುರವನ್ನು ಸೋದರಮಾವನ ಕೈಲಿ ಕಳಿಸಿದಳು. ಕಳಿಸದಿದ್ದರೆ ಊರಿನವರು ಕೇಳುತ್ತಿದ್ದರು, ಮದುವೆ ಕಂಬಳಿ ಹಾಳು ಮಾಡಿದವನನ್ನು ಹೇಗೆ ಕಟ್ಟಿಕೊಳ್ಳುತ್ತೀಯ ಎಂದು. ಒಂದು ಸುಳ್ಳಿಗೆ ಇನ್ನೊಂದು ಗಂಟು ಹಾಕಲೇಬೇಕಾಯಿತು.

ಅವಳು ಅಳಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅತ್ತದ್ದರಿಂದ ವೇಸೆಲ್‌ಗೆ ಏನೂ ಸಿಗಲಿಲ್ಲ.

ಐದು ವರ್ಷ ಕಳೆಯಿತು. ಬಂದ ಎರಡು ಸಂಬಂಧಗಳನ್ನು ಅವಳು ಬೇಡ ಎಂದಳು. ತಾಯಿ ಯಾಕೆ ಎಂದು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಅಕ್ಕಪಕ್ಕದ ಹೆಂಗಸರು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾಗ ಜೆನ್ನೆತ್ ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟಳು.

"ಎಲ್ವಾನ್ ಮದುವೆ ವರ್ಷ ನಾನು ಪೇಟೆ ಪುಡಿ ಹಾಕಿದ್ದೆ ಕಣ್ರೇ. ಮಂಡಿ ಬಗ್ತಿರ್ಲಿಲ್ಲ. ಬೇರು ಅಗೆಯೋಕೆ ಆಗ್ಲಿಲ್ಲ."

ಎಲ್ವಾನ್‌ಳ ಕೈಯಲ್ಲಿದ್ದ ಚಹಾ ಪಾತ್ರೆ ಲೋಟದ ಮೇಲೆಯೇ ನಿಂತಿತು. ಈಗ ಭೂಮಿ ಬಿರಿಯುತ್ತದೆ!

ಪಕ್ಕದ ಮನೆಯ ದೊಂದು ಎಂಬಾಕೆ ಸಕ್ಕರೆ ಅಚ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಹೇಳಿದಳು. "ಗೊತ್ತು ಬಿಡೇ. ನಮ್ಮನೆ ಕಂಬಳೀನೂ ಕಿಟಕಿ ಪಕ್ಕ ಬೆಳ್ಳಗಾಯ್ತಲ್ಲ. ನಿನ್ನ ಮಂಡಿ ನೋಡಿ ಯಾರೂ ಬಾಯಿ ಬಿಡ್ಲಿಲ್ಲ. ಇನ್ನೊಂದು ಲೋಟ ಹಾಕು."

ಅಷ್ಟೇ! ಮಾತು ಬದನೆಕಾಯಿ ಒಣಗಿಸುವುದಕ್ಕೆ ತಿರುಗಿತು.

ಇಷ್ಟೇನಾ? ಇಷ್ಟಕ್ಕಾ ನಾನು ಅವನನ್ನ...

ಹೆಂಗಸರು ಹೋದ ಮೇಲೆ ಜೆನ್ನೆತ್ ಮಗಳ ಮುಖ ನೋಡದೆ ಹೇಳಿದಳು. "ಅವತ್ತೇ ಹೇಳ್ಬೇಕಿತ್ತು. ಹೆದರ್ಕೊಂಡೆ. ನೀನು ಅಂಗೈ ಮುಚ್ಚಿದಾಗ ಒಳಗೊಳಗೇ ಖುಷಿಯಾಯ್ತು, ಅದನ್ನೂ ಹೇಳ್ಬಿಡ್ತೀನಿ. ತಾಯಿ ಅನ್ನಿಸ್ಕೊಳ್ಳೋಕೆ ಲಾಯಕ್ಕಿಲ್ಲದ ಖುಷಿ."

"ಅಮ್ಮಾ..."

"ಅಳ್ಬೇಡ. ಶಾಬಾನ್‌ನ ಕೇಳ್ದೆ. ಹುಡುಗ ಸುಲ್ತಾನ್‌ಹಾನಿಯಲ್ಲಿ ಹರಿದ ಕಂಬಳಿ ರಿಪೇರಿ ಮಾಡ್ಕೊಂಡಿದಾನಂತೆ. ಮದುವೆ ಆಗಿಲ್ವಂತೆ. ಅದನ್ನೂ ಕೇಳ್ದೆ. ಬೆಳಗ್ಗೆ ಬಸ್ಸಿದೆ."

ಸುಲ್ತಾನ್‌ಹಾನಿಯ ರಿಪೇರಿ ಅಂಗಡಿಯಲ್ಲಿ ಆರು ಜನ ಗಂಡಸರು ನೆಲದ ಮೇಲೆ ಕೂತು, ಮಡಿಲಲ್ಲಿ ಕಂಬಳಿ ಹರಡಿಕೊಂಡು ಸೂಜಿ ಆಡಿಸುತ್ತಿದ್ದರು. ವೇಸೆಲ್ ಇಲಿ ಕಡಿದ ತೂತೊಂದಕ್ಕೆ ದಾರ ತುಂಬುತ್ತಿದ್ದ. ಕಿವಿಯ ಪಕ್ಕ ಕೂದಲು ನರೆತಿತ್ತು.

ಅವಳನ್ನು ಕಂಡು ಸೂಜಿ ನಿಂತಿತು. ಮತ್ತೆ ಚಲಿಸಿತು.

ಎಲ್ವಾನ್ ಅವನ ಪಕ್ಕ ಕೂತು ಪಿಸುಗುಟ್ಟಿದಳು. "ವೇಸೆಲ್, ಅವತ್ತೇ ನನಗೆ ಗೊತ್ತಿತ್ತು. ಬುಡ ನೋಡಿದ್ದೆ. ಗೊತ್ತಿದ್ದೂ ನಿನ್ನ ಮೇಲೆ ಹಾಕ್ದೆ."

"ನನಗೂ ಗೊತ್ತು. ನಿನ್ನ ಬೆರಳು ನೋಡಿದೆ."

"ಮತ್ತೆ ಯಾಕೆ ಒಪ್ಕೊಂಡೆ?"

"ನಿಮ್ಮಮ್ಮ ಅಲ್ಲೇ ಬಿದ್ದುಹೋಗ್ತಾರೆ ಅನ್ನಿಸ್ತು. ಸಂಜೆ ನೀನು ಬಂದು ನನಗೊಬ್ಬನಿಗಾದ್ರೂ ನಿಜ ಹೇಳ್ತೀಯ ಅಂದ್ಕೊಂಡೆ." ಅವನು ದಾರ ಕಡಿದ. "ಮೂರು ದಿನ ಬಸ್‌ಸ್ಟ್ಯಾಂಡಲ್ಲಿ ಕಾದೆ. ಉಂಗುರ ಬಂತು."

ಮೂರು ದಿನ! ಮನೆಯಿಂದ ಹತ್ತು ನಿಮಿಷದ ದಾರಿ...

"ತಪ್ಪಾಯ್ತು..."

"ಕಿವಿಯಲ್ಲಿ ಯಾಕೆ ಹೇಳ್ತೀಯ?" ಮೊದಲ ಬಾರಿ ಅವನ ದನಿ ಏರಿತು. "ಅವತ್ತು ನೀನು ನನ್ನನ್ನ ನಲವತ್ತು ಜನರ ಮುಂದೆ ಕೇಳಿದ್ದೆ. ಬಿಸಿಲಿನ ಹೊಲದಲ್ಲಿ ಮತ್ತೆ ಒಬ್ಬನೂ ಕೆಲಸ ಕೊಡ್ಲಿಲ್ಲ, ಗೊತ್ತಾ? ಮದುವೆ ಕಂಬಳಿ ಸುಟ್ಟವನು ಅಂತ ಹೆಸರು ಬಿತ್ತು. ಇಲ್ಲೀಗಂಟ ಬಂದಿದೆ ಆ ಹೆಸರು."

ಎಲ್ವಾನ್ ಎದ್ದು ನಿಂತಳು.

"ಅಣ್ಣಂದಿರಾ, ಒಂದು ನಿಮಿಷ." ಆರು ಸೂಜಿಗಳೂ ನಿಂತವು. "ಇವರು ನನ್ನ ಕಂಬಳಿ ಹಾಳು ಮಾಡ್ಲಿಲ್ಲ. ಬಣ್ಣ ನಮ್ಮನೇದೇ ಕೆಟ್ಟಿತ್ತು. ನನಗೆ ಗೊತ್ತಿತ್ತು. ಎಲ್ಲರ ಮುಂದೆ ಸುಳ್ಳು ಹೇಳಿದೆ. ಇವರು ನನ್ನ ತಾಯಿ ಮಾನ ಉಳಿಸೋಕೆ ಬಾಯಿ ಮುಚ್ಕೊಂಡ್ರು. ದೊಶೆಮೆಅಲ್ತಿಗೆ ಹೋದ್ಮೇಲೆ ಹೊಲ ಹೊಲಕ್ಕೂ ಹೋಗಿ ಇದನ್ನೇ ಹೇಳ್ತೀನಿ."

ಮೂಲೆಯ ಮುದುಕ ಕನ್ನಡಕ ಹಣೆಗೇರಿಸಿದ.

"ಹಂಗಾದ್ರೆ ತಂಗಿ, ಈ ವೇಸೆಲ್ ಒಳ್ಳೆಯವನು ಅಂತೀಯ?"

"ಒಳ್ಳೆಯವರು."

"ಐದು ವರ್ಷದಿಂದ ಪಕ್ಕದಲ್ಲಿ ಕೂತಿದೀನಿ, ಒಂದಿನ ಚಹಾ ಕೊಡಿಸಿಲ್ಲ ನನ್ಮಗ! ಹೋಗೋ, ಏಳು ಲೋಟ ತಗೊಂಬಾ."

ನಗು ಎದ್ದಿತು. ವೇಸೆಲ್ ನಗಲಿಲ್ಲ. ಎದ್ದು ಹೊರಗೆ ಹೋದ. ಎಲ್ವಾನ್ ಹಿಂದೆಯೇ ಹೋದಳು.

ಹೊಸ್ತಿಲ ಬಳಿ ಅವನು ನಿಂತ. ಬೆನ್ನು ಅವಳ ಕಡೆಗಿತ್ತು.

"ಕ್ಷಮಿಸಿದೀನಿ ಅಂತ ಹೇಳಲ್ಲ. ಈಗ ಹೇಳಿದ್ರೆ ಸುಳ್ಳಾಗುತ್ತೆ."

"ಹೇಳ್ಬೇಡಿ."

"ನೀನು ಇಲ್ದೇ ಚೆನ್ನಾಗಿದ್ದೆ ಅಂದ್ರೂ ಸುಳ್ಳೇ."

ಎಲ್ವಾನ್ ಕಣ್ಣು ಒರೆಸಿಕೊಂಡಳು. ಹೋದ ಐದು ವರ್ಷವನ್ನು ಯಾರ ಸೂಜಿಯೂ ನೇಯ್ದು ಕೊಡುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅವನು ತಿರುಗಿದ. "ವಾಪಸ್ ಬಸ್ ಎಷ್ಟೊತ್ತಿಗೆ?"

"ನಾಲ್ಕಕ್ಕೆ."

"ನಾಳೆನೂ ನಾಲ್ಕಕ್ಕೆ ಒಂದಿದೆ."

"ನಾಡಿದ್ದು?"

"ದಿನಾ ಇದೆ... ಎಲ್ವಾನ್."

"ಹಾಗಾದ್ರೆ ಇವತ್ತಿಂದು ಹೋಗ್ಲಿ ಬಿಡಿ," ಎಂದಳು ಅವಳು.