ಆರಿದ ಕಡ್ಡಿಯ ಬೆಸುಗೆ

ಇದು ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ನಮ್ಮ ದೊಡ್ಡಮ್ಮ ಏಕನಾಥಮ್ಮನಿಗೆ ಆದದ್ದು. ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವಳು ಮನೆಯಲ್ಲೇ ರೇಡಿಯೊ ರಿಪೇರಿ ಮಾಡುತ್ತಿದ್ದಳು. ಹವ್ಯಾಸಿ ರೇಡಿಯೊ ಹುಚ್ಚು ಹತ್ತಿಸಿಕೊಂಡಿದ್ದ ಹಿರಿಯೂರಿನ ಚಿತ್ರಲಿಂಗಪ್ಪ ಮೇಷ್ಟ್ರು, ಗುಜರಿಯಲ್ಲಿ ಸಿಕ್ಕ ಹಳೆಯ ಕೈರೇಡಿಯೊ ಒಂದನ್ನು, ಗುಂಡಿ ಒತ್ತಿ ದೂರದವರ ಜೊತೆ ಮಾತಾಡುವಂಥದ್ದನ್ನು, ರಿಪೇರಿಗೆ ತಂದುಕೊಟ್ಟರು.

ಮುಚ್ಚಳ ತೆಗೆದರೆ ಒಳಗಿನ ತಂತಿಗಳೆಲ್ಲ ಬಿಟ್ಟುಹೋಗಿದ್ದವು. ಒಂದಕ್ಕೆ ಬೆಸುಗೆ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಊಟ ಮುಗಿಸಿ ಬಂದಾಗಲೂ ಕರೆಂಟು ಬಂದಿರಲಿಲ್ಲ, ಬೆಸುಗೆ ಕಡ್ಡಿ ಆರಿ ತಣ್ಣಗಿತ್ತು. ಆದರೆ ಅವಳು ಮುಟ್ಟದೇ ಇದ್ದ ಪಕ್ಕದ ತಂತಿಯೂ ಕೂಡಿಕೊಂಡಿತ್ತು. ಆ ಬೆಸುಗೆ ಇಬ್ಬನಿಯ ಹನಿಯಂತೆ ದುಂಡಗೆ ಹೊಳೆಯುತ್ತಿತ್ತು. ಸುಡುವ ಮಧ್ಯಾಹ್ನದಲ್ಲೂ ಮೇಜಿನ ಸುತ್ತ ಮಾತ್ರ ಬಾವಿಯೊಳಗಿನಂಥ ತಂಪು.

"ಅದನ್ನ ವಾಪಸ್ ಕೊಟ್ಬಿಡೇ," ಎಂದು ದೊಡ್ಡಪ್ಪ ಹೆದರಿಕೊಂಡರು.

"ಇಂಥ ಬೆಸುಗೆ ನನ್ನ ಕೈಲಿ ಯಾವತ್ತೂ ಬಂದಿಲ್ರಿ. ನೋಡಿ ಕಲೀತೀನಿ, ಇರ್ರಿ," ಎಂದಳು.

ಕೆಲವು ದಿನ ಹಾಗೇ ನಡೆಯಿತು. ಅವಳು ಒಂದು ಹಾಕಿ ಎದ್ದುಹೋಗಿ ಬರುವಷ್ಟರಲ್ಲಿ ಪಕ್ಕದ್ದು ಆಗಿರುತ್ತಿತ್ತು. ನೋಡಿ ನೋಡಿ ಅವಳ ಕೈಯೂ ಪಳಗಿತು. ಕೊನೆಯ ಬೆಸುಗೆಯನ್ನು ಅವಳೇ ಹಾಕಿದಳು. ಅದೂ ಹಾಗೇ ಹೊಳೆಯಿತು.

ಪರೀಕ್ಷೆ ಮಾಡಲೆಂದು ಮೇಷ್ಟ್ರು ತಮ್ಮ ಇನ್ನೊಂದು ಸೆಟ್ಟು ಹಿಡಿದು, ದೊಡ್ಡಪ್ಪನ ಜೊತೆ ಸ್ಟೇಷನ್ನಿಗೆ ಹೋದರು. ಮನೆಯಲ್ಲಿ ಒಬ್ಬಳೇ ಕೂತಿದ್ದ ದೊಡ್ಡಮ್ಮ ಗುಂಡಿ ಒತ್ತಿ, "ಕೇಳ್ತೈತೇನ್ರಿ ಮೇಷ್ಟ್ರೆ?" ಎಂದಳು.

"ಚೆನ್ನಾಗಿ ಕೇಳ್ತೈತಮ್ಮ. 'ಈಗ ಕೈ ಕುದುರಿತು ನೋಡು' ಅಂದ್ರಲ್ಲ, ನಿಮ್ಮ ಪಕ್ಕದಾಗಿರೋ ಆ ಹೆಂಗಸು ಯಾರು?"

ದೊಡ್ಡಮ್ಮ ತಿರುಗಿ ನೋಡಲಿಲ್ಲ. ಸೆಟ್ಟು ಕೆಳಗಿಟ್ಟು, ಕೂತಲ್ಲೇ ಕೈಮುಗಿದಳು.