ಐದು ಜನ, ನಾಲ್ಕು ಹೆಸರು

“ಈಗ ಯಾರನ್ನ ತಿಂದ್ಬುಟ್ಯೇ?” ಎಂದು ಏಜೆಂಟ್ ನಂಜಪ್ಪ ಕೇಳಿದ.

“ಅಜ್ಜೀನ ಸಾ,” ಎಂದಳು ಪ್ರೇಮಕುಮಾರಿ, ಕಡಲೇಕಾಯಿ ಬೀಜ ಅಗಿಯುತ್ತ.

ಚನ್ನರಾಯಪಟ್ಟಣದ ಆ ಮನೆಯ ಜಗಲಿಯ ಮೇಲೆ ಅವತ್ತು ಕಾರಿನ ಇನ್ಶೂರೆನ್ಸ್ ಪಾಠ ನಡೆಯುತ್ತಿತ್ತು. ಪ್ರೇಮಕುಮಾರಿಯ ಅಪ್ಪ ಪಾಲಾಕ್ಷಪ್ಪನಿಗೆ ಊರಲ್ಲಿ ಹಿಟ್ಟಿನ ಗಿರಣಿ ಇತ್ತು. ಅವನು ಹಳೇ ಆಸ್ಟಿನ್ ಕಾರೊಂದನ್ನು ಕೊಂಡು ಎಂಟೇ ದಿನವಾಗಿತ್ತು. ಅದರ ಹಾರನ್ ಎಷ್ಟು ಜೋರೆಂದರೆ, ಇಲ್ಲಿ ಒತ್ತಿದರೆ ಶ್ರವಣಬೆಳಗೊಳದ ಬೆಟ್ಟ ಹತ್ತುತ್ತಿದ್ದವರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು!

ನಂಜಪ್ಪ ಒಂದು ಬೆಂಕಿಪೊಟ್ಟಣವನ್ನು ಕಾರು ಮಾಡಿಕೊಂಡು ಚಾಪೆಯ ಮೇಲೆ ಓಡಿಸುತ್ತಿದ್ದ.

“ನೋಡಿ ಪಾಲಾಕ್ಷಪ್ಪ, ನಿಮ್ ಕಾರು ದಾರೀಲಿ ಓಗೋನಿಗೆ ಗುದ್ತು ಅನ್ಕಳಿ. ಅವನಿಗೆ ಕಂಪ್ನಿಯೋರು ದುಡ್ಡು ಕೊಡ್ತಾರೆ. ಇದನ್ನ ಮಾಡಿಸ್ಲೇಬೇಕು, ಸರ್ಕಾರದ ರೂಲು.”

ಕಂಬಕ್ಕೆ ಒರಗಿ ಕೂತಿದ್ದ ಅಜ್ಜಿ ಗುರುಸಿದ್ದಮ್ಮ ಬಾಯಿ ಹಾಕಿದಳು. “ಗುದ್ದಿಸ್ಕಂಡೋನಿಗೆ ದುಡ್ಡು, ಒಳಗೆ ಕೂತಿರೋ ನಮಗೆ ಮೂರು ನಾಮನಾ?”

“ಅದ್ಕೇ ಕಣಜ್ಜಿ, ಇನ್ನೊಂದು ಥರದ್ದು ಅದೆ. ಕಾರು ಕೆಟ್ರೂ ಕೊಡ್ತಾರೆ. ಮ್ಯಾಲೆ ಒಸಿ ಕಟ್ಟಿದ್ರೆ ಒಳಗೆ ಕೂತೋರಿಗೂ ಆಯ್ತದೆ. ಒಬ್ಬೊಬ್ರ ಹೆಸರೂ ಬರೀಬೇಕು ಅಷ್ಟೆ.”

ಬೆಂಕಿಪೊಟ್ಟಣದ ಮೇಲೆ ಅವನು ಐದು ಬೀಜ ಇಟ್ಟಿದ್ದ. ಅಪ್ಪ, ಅವ್ವ, ಅಜ್ಜಿ, ಪ್ರೇಮಕುಮಾರಿ, ಮೂರು ವರ್ಷದ ತಮ್ಮ ಸಿದ್ದೇಶ. ಅದರಲ್ಲಿ ಅಜ್ಜಿ ಆಗಲೇ ಪ್ರೇಮಕುಮಾರಿಯ ಹೊಟ್ಟೆ ಸೇರಿದ್ದಳು. ಈಗ ಸಿದ್ದೇಶನ ಕಡೆಗೆ ಕೈ ಹೋಗುತ್ತಿತ್ತು.

“ಏಯ್! ಎದ್ದೋಗೇ ಒಳಕ್ಕೆ,” ಎಂದು ಅಪ್ಪ ಗದರಿದ. “ನಂಜಪ್ಪನೋರಿಗೆ ಮಜ್ಜಿಗೆ ತಗಂಬಾ.”

“ಮಜ್ಜಿಗೆ ಎಲ್ಲದೆ?” ಎಂದು ಅವ್ವ ದಾಕ್ಷಾಯಣಮ್ಮ ಒಳಗಿಂದಲೇ ಕೂಗಿದಳು. “ಇದ್ದುದ್ನೆಲ್ಲ ನಿಮ್ಮ ಮಗಳು ಕಾರಿಗೆ ಕುಡಿಸ್ಬುಟ್ಟವಳೆ!”

ಅದು ನಿಜ. ಅವತ್ತು ಬೆಳಿಗ್ಗೆ ಬಿಸಿಲಲ್ಲಿ ಬಂದು ನಿಂತ ಕಾರು ಬುಸುಬುಸು ಹೊಗೆ ಬಿಡುವುದನ್ನು ನೋಡಿ ಪ್ರೇಮಕುಮಾರಿಗೆ ಅಯ್ಯೋ ಅನ್ನಿಸಿತ್ತು. ಅಪ್ಪ ಕಾರಿನ ಮೂತಿಯ ಮೇಲಿನ ಮುಚ್ಚಳ ತೆಗೆದು, ಅದಕ್ಕೆ ಹಾಕಲು ನೀರು ತರಲು ಹೋದಾಗ, ಒಂದು ಚೊಂಬು ಮಜ್ಜಿಗೆ ಸುರಿದಿದ್ದಳು. ಉಪ್ಪು, ಕರಿಬೇವು, ಒಗ್ಗರಣೆ ಸಮೇತ! ಅವತ್ತಿನಿಂದ ಕಾರು ಎಲ್ಲಿ ನಿಂತರೂ ಊಟದ ಹೊತ್ತಾಯಿತೆಂದು ಜನ ಮನೆಗೆ ಹೊರಡುತ್ತಿದ್ದರು.

ಅವಳು ಒಳಗೆ ಹೋದಳು. ಆದರೆ ಬಾಗಿಲ ಹಿಂದೆಯೇ ನಿಂತುಕೊಂಡಳು.

“ಐದೂ ಜನಕ್ಕೆ ಕಟ್ಟಾಕಾಗಲ್ಲ ನಂಜಪ್ಪನೋರೆ,” ಎನ್ನುತ್ತಿದ್ದ ಅಪ್ಪ. “ಗಿರಣಿ ಬೆಲ್ಟು ಬೇರೆ ಕಿತ್ತೋಗದೆ. ನಾಲ್ಕು ಬರ್ಕಳಿ.”

“ಒಬ್ರು ಉಳೀತಾರಲ್ಲ. ಯಾರನ್ನ ಬುಡಾದು?”

ಅಪ್ಪ ಅವನ ಕಿವಿಯಲ್ಲಿ ಏನೋ ಹೇಳಿದ. ನಂಜಪ್ಪ ತಲೆ ಕೆರೆದುಕೊಂಡ.

“ಅಂಗಾ? ಸರಿಯಲ್ಲ ಕಣ್ರೀ. ಇನ್ನೊಂದ್ಸಲ ಯೋಚ್ನೆ ಮಾಡಿ.”

“ಮಾಡಿವ್ನಿ. ನೀವು ಬರ್ಕಳಿ.”

ಬಾಗಿಲ ಹಿಂದೆ ಪ್ರೇಮಕುಮಾರಿ ಬೆರಳು ಮಡಿಚಿ ಎಣಿಸಿದಳು. ಬಿಟ್ಟಿದ್ದು ಯಾರನ್ನು? ಅಜ್ಜಿ ಅಪ್ಪನಿಗೆ ಹೆತ್ತ ತಾಯಿ. ಅವ್ವ ಇಲ್ಲದಿದ್ದರೆ ಒಲೆ ಹತ್ತುವುದಿಲ್ಲ. ಸಿದ್ದೇಶ ಎಲ್ಲರ ಮುದ್ದು. ಅಪ್ಪನಂತೂ ಕಾರಿನ ಯಜಮಾನ. ಉಳಿದವಳು ಕಾರಿಗೆ ಮಜ್ಜಿಗೆ ಕುಡಿಸಿದವಳು ಒಬ್ಬಳೇ!

ರಾತ್ರಿ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು. “ಅವ್ವ, ಕಾರಲ್ಲಿ ನಂಗೇನಾದ್ರೂ ಆದ್ರೆ?”

“ನಿಂಗೇನಾಯ್ತದೆ? ನಿನ್ನಿಂದ ಬ್ಯಾರೇರಿಗೆ ಆಯ್ತದೆ. ಮುದ್ದೆ ನುಂಗು.”

ಅವಳು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದಳು.

ಇನ್ಶೂರೆನ್ಸ್ ಕಾಗದವೂ ಬಂದು ಕಾರಿನ ಮುಂದಿನ ಸೀಟಿನೆದುರಿನ ಡಬ್ಬಿ ಸೇರಿತು. ಮುಂದಿನ ಭಾನುವಾರ ಎಲ್ಲರೂ ಹಾಸನದ ಸೋದರತ್ತೆಯ ಮನೆಗೆ ಹೊರಟರು. ಕಾರು ಗುರುಗುಟ್ಟುತ್ತಿತ್ತು. ಎಲ್ಲರೂ ಹತ್ತಿ ಕೂತಾಗಿತ್ತು, ಪ್ರೇಮಕುಮಾರಿಯದೇ ಪತ್ತೆಯಿಲ್ಲ.

“ಪ್ರೇಮೀ! ಬತ್ತೀಯೋ ಇಲ್ವೋ?”

ಬಂದಳು. ಮೈಗೆ ಎರಡು ಕಂಬಳಿ ಸುತ್ತಿ, ಬಾವಿಯ ಹಗ್ಗದಿಂದ ಬಿಗಿದುಕೊಂಡಿದ್ದಳು. ತಲೆಯ ಮೇಲೆ ಹಿತ್ತಾಳೆ ಪಾತ್ರೆ ಕವುಚಿತ್ತು. ಬಾಗಿಲಲ್ಲಿ ಸಿಕ್ಕಿಕೊಂಡು, ಅಡ್ಡಡ್ಡ ತಿರುಗಿ, ಉರುಳುವ ರಾಗಿ ಮೂಟೆಯಂತೆ ಬಂದಳು.

“ಇದೇನೇ ವೇಷ?”

“ನಂಗೆ ಇನ್ಶೂರೆನ್ಸ್ ಇಲ್ವಲ್ಲ,” ಎಂದಿತು ಪಾತ್ರೆ. “ಅದ್ಕೇ ನಾನೇ ಮಾಡ್ಕಂಡಿವ್ನಿ.”

ಬೀದಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಅವಳನ್ನು ಹಿಂದಿನ ಸೀಟಿಗೆ ತುರುಕಿದ. ದಾರಿಯುದ್ದಕ್ಕೂ ಸಿದ್ದೇಶ ಚಮಚದಿಂದ ಅಕ್ಕನ ತಲೆಯನ್ನು ಢಣಢಣ ಬಾರಿಸುತ್ತ ಬಂದ.

ಶಾಂತಿಗ್ರಾಮ ದಾಟಿದ ಮೇಲೆ, ಹೊಲದ ಕಡೆಯಿಂದ ಒಂದು ಎತ್ತಿನಗಾಡಿ ಸರ್ರನೆ ರಸ್ತೆಗೆ ಬಂತು. ಅಪ್ಪ ಬ್ರೇಕ್ ಮೇಲೆ ನಿಂತೇಬಿಟ್ಟ. ಕಾರು ಕಿರ್ರೆಂದು ಜಾರಿ, ಗಾಡಿಯ ಚಕ್ರಕ್ಕೆ ಮಡ್‌ಗಾರ್ಡ್ ಉಜ್ಜಿಕೊಂಡು ನಿಂತಿತು. ಪ್ರೇಮಕುಮಾರಿ ಉರುಳಿ ಅಜ್ಜಿಯ ಮಡಿಲಿಗೆ ಬಿದ್ದಳು.

“ಅಯ್ಯೋ ಶಿವನೇ, ನನ್ ಮ್ಯಾಲೆ ಪಾತ್ರೆ ಅಂಗಡೀನೇ ಬಿತ್ತಲ್ಲಪ್ಪೋ!”

ಯಾರಿಗೂ ಏನೂ ಆಗಿರಲಿಲ್ಲ. ಅಪ್ಪನ ಹಣೆ ಮಾತ್ರ ಸ್ಟೇರಿಂಗಿಗೆ ಬಡಿದು ನಿಂಬೆಗಾತ್ರ ಊದಿತ್ತು.

“ರೀ, ಹಣೆ!” ಎಂದಳು ಅವ್ವ.

“ಏನಿಲ್ಲ, ಏನಿಲ್ಲ,” ಎಂದು ಅಪ್ಪ ಇಳಿದ. ಎತ್ತುಗಳ ಕಾಲು ಸವರಿ ನೋಡಿದ, ಗಾಡಿಯವನ ಹತ್ತಿರ ಮಾತಾಡಿದ. ಆಮೇಲೆ ಅಲ್ಲಿಂದಲೇ ಕೂಗಿದ. “ಪ್ರೇಮಿ, ಡಬ್ಬೀಲಿ ಇನ್ಶೂರೆನ್ಸ್ ಕಾಗದ ಅದೆ, ತಗಂಬಾ!”

ಅವಳು ಪಾತ್ರೆ ತೆಗೆದಿಟ್ಟು ಮುಂದಕ್ಕೆ ಬಾಗಿ ಕಾಗದ ಎತ್ತಿಕೊಂಡಳು. ಎಲ್ಲ ಇಂಗ್ಲಿಷು. ಆದರೆ ಲಕೋಟೆಯ ಮೇಲೆ ನಂಜಪ್ಪ ದುಂಡು ಕನ್ನಡದಲ್ಲಿ ಹೆಸರು ಬರೆದಿದ್ದ. ನಾಲ್ಕನೇ ಕ್ಲಾಸಿನವಳು ಬೆರಳಿಟ್ಟು ಓದಿದಳು.

ಗುರುಸಿದ್ದಮ್ಮ. ದಾಕ್ಷಾಯಣಮ್ಮ. ಪ್ರೇಮಕುಮಾರಿ. ಸಿದ್ದೇಶ.

ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದಿದಳು. ಲಕೋಟೆ ತಿರುಗಿಸಿಯೂ ನೋಡಿದಳು. ಅಲ್ಲಿ ಬೇರೆ ಹೆಸರಿರಲಿಲ್ಲ.

ರಸ್ತೆಯಲ್ಲಿ ಅಪ್ಪ ಹಣೆಗೆ ಒದ್ದೆ ಟವಲು ಒತ್ತಿಕೊಂಡು, ಗಾಡಿಯವನ ಜೊತೆ ನಗುತ್ತ ಬೀಡಿ ಹಚ್ಚುತ್ತಿದ್ದ.

“ಸಿಕ್ತೇನೇ?”

“ಊಂ,” ಎಂದು ಕೊಟ್ಟಳು.

ವಾಪಸ್ಸು ಬಂದು ಹಗ್ಗ ಬಿಚ್ಚಿದಳು. ಕಂಬಳಿಗಳನ್ನು ಅಜ್ಜಿಯ ಬೆನ್ನಿಗೆ ಕೊಟ್ಟಳು. “ಅವ್ವ, ನೀನು ಇಂದೆ ಕೂತ್ಕೊ,” ಎಂದು ಮುಂದಿನ ಸೀಟು ಹತ್ತಿದಳು.

ಕಾರು ಮತ್ತೆ ಹೊರಟಿತು.

“ಅಪ್ಪ, ಎಮ್ಮೆ.”

“ಕಾಣ್ತದೆ ಕಣೇ.”

“ಅಪ್ಪ, ಗುಂಡಿ ಅದೆ.”

“ಗೊತ್ತು.”

“ಅಪ್ಪ, ಮೆಲ್ಲುಗೆ. ಆ ಸೈಕಲ್ನೋನು ತಿರುಗ್ತಾವನೆ.”

“ಲೇ, ಕಾರು ಓಡಿಸ್ತಿರಾದು ನಾನಾ, ನೀನಾ?”

“ನೀನೇ ಕಣಪ್ಪ. ಅದ್ಕೇ,” ಎಂದಳು ಪ್ರೇಮಕುಮಾರಿ, ರಸ್ತೆಯಿಂದ ಕಣ್ಣು ತೆಗೆಯದೆ.